ಉಳದ ಹೊಲದ ಗೊಂಡೆಹುಳು: ಕೆಲವು ಟಿಪ್ಪಣಿಗಳು

1
ಇಂಗ್ಲೆಂಡಿನ ಗೋಧಿ ಹೊಲಗಳಲ್ಲಿ ಹೆಚ್ಚು ಹಾನಿ ಮಾಡುವ ಗೊಂಡೆಹುಳು ಬೂದು ಬಣ್ಣದ್ದು. ಚಿಪ್ಪಿಲ್ಲದ ಬಸವನಹುಳು. ಮೈ ಚಾಚಿದಾಗ ಉದ್ದ ನಾಲ್ಕೈದು ಸೆಂಟಿಮೀಟರ್. ಶಾಸ್ತ್ರೀಯ ಹೆಸರು ಡೆರೋಸೆರಾಸ್ ರೆಟಿಕ್ಯುಲೇಟಮ್. 1774ರಲ್ಲಿ ಡೆನ್ಮಾರ್ಕಿನ ಮ್ಯೂಲರ್ ಇದನ್ನು ಮೊದಲು ವಿವರಿಸಿದ. ಸುಮ್ಮನೆ ಹರಿದಾಡುವಾಗ ಅದರ ಲೋಳೆಗೆ ಬಣ್ಣವಿಲ್ಲ. ಕೆಣಕಿದರೆ ಲೋಳೆ ಹಾಲಿನಂತೆ ಬೆಳ್ಳಗಾಗುತ್ತದೆ.

2
ಚಿಪ್ಪಿಲ್ಲ ಎಂದು ಬರೆದೆ. ಪೂರ್ತಿ ನಿಜವಲ್ಲ. ಬೆನ್ನಿನ ಮುಂಭಾಗದ ಮಡಿಕೆಯ ಕೆಳಗೆ, ಚರ್ಮದ ಒಳಗೆ, ಒಂದು ಸಣ್ಣ ತೆಳು ಬಿಲ್ಲೆ ಉಳಿದಿದೆ. ಅದೇ ಚಿಪ್ಪು.

3
ಉಸಿರಾಡಲು ಒಂದೇ ರಂಧ್ರ. ಮೈಯ ಬಲಗಡೆ.

4
ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಮೊಟ್ಟೆ ಇಡದ ಹುಳು ಎಂಬುದಿಲ್ಲ. ಮಣ್ಣಿನ ಸಂದಿಯಲ್ಲಿ, ಹೆಂಟೆಯ ಅಡಿಯಲ್ಲಿ ಗುಂಪುಗುಂಪಾಗಿ ಇಡುತ್ತದೆ. ಮೊಟ್ಟೆಗಳ ಒಳಗೆ ಬೆಳಕು ಹಾಯುತ್ತದೆ. ಒಣಗಿದರೆ ಸಾಯುತ್ತವೆ. ಚಳಿಗೆ ಅಷ್ಟು ಬೇಗ ಸಾಯುವುದಿಲ್ಲ.

5
ಗೋಧಿಯ ಹಾನಿ ಮಣ್ಣಿನ ಮೇಲೆ ಕಾಣುವುದಿಲ್ಲ. ಬಿತ್ತಿದ ಕಾಳು ನೀರು ಕುಡಿದು ಊದಿಕೊಂಡಾಗ ಹುಳು ಅದರ ಮೊಳಕೆಯ ಭಾಗವನ್ನು ಮೊದಲು ತಿನ್ನುತ್ತದೆ. ಆಮೇಲೆ ಒಳಗಿನ ಹಿಟ್ಟು. ಹೊರಗಿನ ತೆಳು ಪೊರೆ ಉಳಿಯುತ್ತದೆ. ಬಿತ್ತನೆಯಾದ ಮೊದಲ ವಾರದಲ್ಲಿ ಒಂದು ಹುಳು 50 ಕಾಳುಗಳವರೆಗೆ ಕೊಲ್ಲಬಲ್ಲದು ಎಂದು ಅಲ್ಲಿನ ಕೃಷಿ ಸಲಹೆಗಾರರು ರೈತರಿಗೆ ಹೇಳುತ್ತಾರೆ. ರೈತ ಸಸಿ ಬರಲೆಂದು ಕಾಯುತ್ತಿರುತ್ತಾನೆ. ಸಾಲಿನಲ್ಲಿ ಖಾಲಿ ಜಾಗ ಕಂಡಾಗ ಕೆಲಸ ಮುಗಿದಿರುತ್ತದೆ.

6
ಒಂದೊಂದು ಕಾಳನ್ನೂ ಪೂರ್ತಿ ತಿಂದು ಮುಗಿಸುವುದಿಲ್ಲ. ಎಷ್ಟೋ ಸಲ ಮೊಳಕೆ ಮಾತ್ರ ತಿಂದು ಮುಂದಿನ ಕಾಳಿಗೆ ಹೋಗುತ್ತದೆ. ಹೊಟ್ಟೆ ತುಂಬಲು ಬೇಕಾದದ್ದಕ್ಕಿಂತ ಹೆಚ್ಚು ಗಿಡ ಸಾಯುವುದು ಹೀಗೆ.

7
ಗೋಧಿಗೆ ಹೆಚ್ಚು, ಬಾರ್ಲಿಗೆ ಕಡಿಮೆ, ಓಟ್ಸ್‌ಗೆ ಕಡಿಮೆ. ಬಾರ್ಲಿ, ಓಟ್ಸ್ ಕಾಳುಗಳನ್ನು ಸಿಪ್ಪೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಒಕ್ಕಿದ ಗೋಧಿಗೆ ಸಿಪ್ಪೆ ಇಲ್ಲ.

8
ಕಾಳನ್ನು ಎರಡು ಸೆಂಟಿಮೀಟರ್ ಆಳದ ಬದಲು ನಾಲ್ಕು ಸೆಂಟಿಮೀಟರ್ ಆಳಕ್ಕೆ ಬಿತ್ತಿದರೆ ಹೆಚ್ಚು ಕಾಳು ಉಳಿಯುತ್ತವೆ. ಹೆಂಟೆ ತುಂಬಿದ ಜೇಡಿ ನೆಲದಲ್ಲಿ ಈ ಎರಡು ಸೆಂಟಿಮೀಟರ್ ದೊಡ್ಡ ಅಂತರ.

9
ಹುಳು ಬಿದ್ದ ಹೊಲದಲ್ಲಿ ಟ್ರ್ಯಾಕ್ಟರಿನ ಗಾಲಿ ಹಾದುಹೋದ ಜಾಗದಲ್ಲಿ ಸಸಿಗಳು ದಟ್ಟವಾಗಿ ನಿಂತಿರುತ್ತವೆ. ಎರಡು ಹಸಿರು ಪಟ್ಟಿಗಳು, ನಡುವೆ ಬೋಳು. ಗಾಲಿ ಮಣ್ಣನ್ನು ಒತ್ತಿತ್ತು. ಒತ್ತಿದ ಮಣ್ಣಿನಲ್ಲಿ ಸಂದಿ ಇರಲಿಲ್ಲ. ಈ ಹುಳು ನೆಲ ಅಗೆಯುವುದಿಲ್ಲ. ಇರುವ ಸಂದಿಯಲ್ಲಿ ತೂರುತ್ತದೆ. ಆದ್ದರಿಂದಲೇ ಬಿತ್ತಿದ ಮೇಲೆ ರೋಲರ್ ಎಳೆಯುವುದು ಅಲ್ಲಿ ಮೊದಲ ಉಪಾಯ. ಮಣ್ಣು ಒದ್ದೆ ಇದ್ದರೆ ರೋಲರ್ ಎಳೆಯಲಾಗದು. ಒದ್ದೆ ಇದ್ದಾಗಲೇ ಹುಳು ಹೆಚ್ಚು.

10
1993ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೂಳೆಗೆ ಬೆಂಕಿ ಹಾಕುವಂತಿಲ್ಲ. ಅದಕ್ಕೆ ಮೊದಲು ಪ್ರತಿ ಆಗಸ್ಟ್‌ನಲ್ಲಿ ಹೊಲಗಳು ಉರಿಯುತ್ತಿದ್ದವು. ಹೊಗೆ ಹೆದ್ದಾರಿಗೆ ಬರುತ್ತಿತ್ತು. ಹುಲ್ಲಿನ ಜೊತೆಗೆ ಮೊಟ್ಟೆಗಳೂ ಸುಡುತ್ತಿದ್ದವು, ಹುಳು ಅಡಗುವ ನೆರಳೂ ಸುಡುತ್ತಿತ್ತು. ಕಾನೂನು ಬಂದದ್ದು ಹೊಗೆಗಾಗಿ.

11
ಆಮೇಲೆ ನೇಗಿಲು ನಿಂತಿತು. ಒಂದೇ ಸಲ ಅಲ್ಲ, ಎಲ್ಲ ಕಡೆಯೂ ಅಲ್ಲ. ಡೀಸೆಲ್ ಉಳಿತಾಯ, ಸಮಯ ಉಳಿತಾಯ, ಮಣ್ಣು ಕೊಚ್ಚಿಹೋಗದಿರುವುದು, ಎರೆಹುಳು ಹೆಚ್ಚುವುದು ಎಂದು ಕಾರಣಗಳ ಪಟ್ಟಿ ಬೆಳೆಯಿತು. ಕೂಳೆ ಹಾಗೇ ಇರುತ್ತದೆ. ಅದರ ನಡುವೆ ಕೂರಿಗೆ ಒಂದು ಸೀಳು ಮಾಡಿ ಕಾಳು ಇಳಿಸುತ್ತದೆ. 2024ರಲ್ಲಿ ಇಂಗ್ಲೆಂಡಿನ ಸರ್ಕಾರ ಉಳದೆ ಬಿತ್ತುವ ರೈತನಿಗೆ ಹೆಕ್ಟೇರಿಗೆ ವರ್ಷಕ್ಕೆ 73 ಪೌಂಡ್ ಕೊಡುವ ಯೋಜನೆ ತಂದಿತು.

12
ಜೇಡಿ ಮಣ್ಣು ಹಸಿಯಾಗಿದ್ದರೆ ಕೂರಿಗೆ ಮಾಡಿದ ಸೀಳು ಮುಚ್ಚಿಕೊಳ್ಳುವುದಿಲ್ಲ. ಸೀಳಿನ ತಳದಲ್ಲಿ ಕಾಳುಗಳು ಸಾಲಾಗಿ ಬಿದ್ದಿರುತ್ತವೆ. ಹುಳುವಿಗೆ ಅದೇ ದಾರಿ, ದಾರಿಯುದ್ದಕ್ಕೂ ಊಟ.

13
ನೇಗಿಲು ಮಾಡುತ್ತಿದ್ದದ್ದು ಇಷ್ಟು: ಕೆಲವು ಹುಳುಗಳನ್ನು ಜಜ್ಜುತ್ತಿತ್ತು, ಕೆಲವನ್ನು ಆಳಕ್ಕೆ ಹೂಳುತ್ತಿತ್ತು, ಮೊಟ್ಟೆಗಳನ್ನು ಬಿಸಿಲಿಗೆ ತರುತ್ತಿತ್ತು, ಮೇಲಿನ ಹುಲ್ಲನ್ನು ಕೆಳಗೆ ತಳ್ಳುತ್ತಿತ್ತು. ಹುಳುವನ್ನು ತಿನ್ನುವ ನೆಲದ ಜೀರುಂಡೆಯ ಮರಿಗಳನ್ನೂ ಹಾಗೇ ಜಜ್ಜುತ್ತಿತ್ತು. ಯಾವುದು ಎಷ್ಟು ಎಂಬ ಲೆಕ್ಕ ಮಣ್ಣಿನಿಂದ ಮಣ್ಣಿಗೆ ಬೇರೆ.

14
ಜೀರುಂಡೆಯ ಹೆಸರು ಟೆರೋಸ್ಟಿಕಸ್ ಮೆಲನಾರಿಯಸ್. ಕಪ್ಪು, ರಾತ್ರಿ ಓಡಾಡುವುದು. ಅದು ಗೊಂಡೆಹುಳು ತಿನ್ನುತ್ತದೆ ಎಂಬ ಅನುಮಾನ ಹಳೆಯದು. ತೋರಿಸುವುದು ಕಷ್ಟವಾಗಿತ್ತು. ಜೀರುಂಡೆ ಆಹಾರವನ್ನು ಕರಗಿಸಿ ಹೀರುತ್ತದೆ. ಹೊಟ್ಟೆ ಬಗೆದರೆ ದ್ರವ ಮಾತ್ರ. ಕಾರ್ಡಿಫ್ ವಿಶ್ವವಿದ್ಯಾಲಯದ ಬಿಲ್ ಸೈಮಂಡ್‌ಸನ್ ಮತ್ತು ಜೊತೆಗಾರರು ಗೊಂಡೆಹುಳುವಿನ ಪ್ರೋಟೀನನ್ನು ಮಾತ್ರ ಗುರುತಿಸುವ ಪ್ರತಿಕಾಯ ತಯಾರಿಸಿ ಆ ದ್ರವದಲ್ಲಿ ಹುಡುಕಿದರು. ಸಿಕ್ಕಿತು.

15
ಇದೇ ಜೀರುಂಡೆ ಎರೆಹುಳುವನ್ನೂ ತಿನ್ನುತ್ತದೆ. ಗೊಂಡೆಹುಳು ಕಡಿಮೆಯಾದಾಗ ಎರೆಹುಳು ಜೀರುಂಡೆಯನ್ನು ಬದುಕಿಸಿ ಇಡುತ್ತದೆ. ಎರೆಹುಳು ಹೆಚ್ಚಾಗಲೆಂದು ಉಳುಮೆ ಬಿಟ್ಟವರಿಗೆ ಇದನ್ನು ಹೇಗೆ ಹೇಳಬೇಕೋ ತಿಳಿಯದು.

16
ನುಣ್ಣನೆಯ ಮಣ್ಣಿನಲ್ಲಿ ಜೀರುಂಡೆ ಹುಳುವನ್ನು ಸುಲಭವಾಗಿ ಹಿಡಿಯುತ್ತದೆ. ದೊಡ್ಡ ಹೆಂಟೆಗಳ ನಡುವೆ ಹುಳು ಅಡಗುತ್ತದೆ. ಮಣ್ಣನ್ನು ನುಣ್ಣಗೆ ಮಾಡಲು ಉಳಬೇಕು.

17
ಗೋಧಿಯ ನಂತರ ಹುಳು ತಿನ್ನುವ ಎರಡನೆಯ ಬೆಳೆ ರೇಪ್. ನಮ್ಮ ಸಾಸಿವೆಯ ಬಳಗ. ಅಂಗಡಿಯಲ್ಲಿ ಕ್ಯಾನೋಲಾ ಎಣ್ಣೆ ಎಂದು ಸಿಗುವುದು ಇದರದ್ದೇ. ಆಗಸ್ಟ್ ಕೊನೆಗೆ ಬಿತ್ತುತ್ತಾರೆ. ಹುಳು ಇಲ್ಲಿ ಕಾಳನ್ನು ಬಿಡುತ್ತದೆ, ಮೇಲೆ ಬಂದ ಬೀಜದೆಲೆಯನ್ನು ತಿನ್ನುತ್ತದೆ. ಎರಡು ಬೀಜದೆಲೆಗಳ ನಡುವಿನ ಕುಡಿ ಹೋದರೆ ಗಿಡ ಹೋಯಿತು. ಗೋಧಿಯ ಒಂದೆರಡು ಎಲೆ ಹೋದರೂ ಮತ್ತೆ ಚಿಗುರುತ್ತದೆ. ಅದರ ಕುಡಿ ಮಣ್ಣಿನ ಒಳಗಿದೆ.

18
ಸಾಸಿವೆಯ ಘಾಟು ಗ್ಲುಕೋಸಿನೋಲೇಟ್ ಎಂಬ ವಸ್ತುಗಳಿಂದ ಬರುತ್ತದೆ. ಎಣ್ಣೆ ತೆಗೆದ ಹಿಂಡಿಯಲ್ಲಿ ಈ ಘಾಟು ಇದ್ದರೆ ಹಂದಿ, ಕೋಳಿಗಳಿಗೆ ಒಗ್ಗದು. ಆದ್ದರಿಂದ ತಳಿ ವಿಜ್ಞಾನಿಗಳು ಘಾಟು ಕಡಿಮೆಯಾದ ತಳಿಗಳನ್ನು ಮಾಡಿದರು. 1974ರಲ್ಲಿ ಕೆನಡಾದ ಮಾನಿಟೋಬಾದಲ್ಲಿ ಬಾಲ್ಡರ್ ಸ್ಟೆಫಾನ್‌ಸನ್ ಬಿಡುಗಡೆ ಮಾಡಿದ ‘ಟವರ್’ ಅಂಥ ಮೊದಲ ರೇಪ್ ತಳಿಗಳಲ್ಲಿ ಒಂದು. 1990ರಲ್ಲಿ ಇಂಗ್ಲೆಂಡಿನ ಡೇವಿಡ್ ಗ್ಲೆನ್ ಮತ್ತು ಸಂಗಡಿಗರು ಘಾಟು ಇರುವ ಸಸಿ, ಇಲ್ಲದ ಸಸಿ ಎರಡನ್ನೂ ಬೂದು ಗೊಂಡೆಹುಳುವಿನ ಮುಂದೆ ಇಟ್ಟು ನೋಡಿದರು. ಘಾಟು ಕಡಿಮೆ ಇದ್ದದ್ದನ್ನು ಹೆಚ್ಚು ತಿಂದಿತು.

ಹಂದಿಗೂ ಕೋಳಿಗೂ ಹಿಡಿಸಿದ್ದು ಹುಳುವಿಗೂ ಹಿಡಿಸಿತು.

19
ರೇಪ್ ಸಸಿಗೆ ಇನ್ನೊಂದು ವೈರಿ ಇದೆ, ಎಲೆ ತೂತು ಮಾಡುವ ಸಣ್ಣ ಜಿಗಿಯುವ ಜೀರುಂಡೆ. ಅದಕ್ಕೆ ಒಣ ಬಿಸಿ ಹವೆ ಬೇಕು. ಗೊಂಡೆಹುಳುವಿಗೆ ಮಳೆ ಬೇಕು. ಆಗಸ್ಟ್ ಕೊನೆಯ ಆಕಾಶ ನೋಡಿ ಯಾವುದಕ್ಕೆ ಹೆದರಬೇಕೆಂದು ರೈತರು ತೀರ್ಮಾನಿಸುತ್ತಾರೆ.

20
2012 ಇಂಗ್ಲೆಂಡಿನ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯ ವರ್ಷಗಳಲ್ಲಿ ಒಂದು. ಆ ಶರತ್ಕಾಲದ ಗೊಂಡೆಹುಳುವಿನ ಮಾತು ಈಗಲೂ ಅಲ್ಲಿನ ರೈತರ ಬಾಯಲ್ಲಿ ಬರುತ್ತದೆ.

21
ಹುಳುವನ್ನು ಕೊಲ್ಲಲು ಹೊಲಕ್ಕೆ ಎರಚುವ ವಿಷದ ಗುಳಿಗೆ ನೀಲಿ ಬಣ್ಣದ್ದು. ಹಕ್ಕಿಗಳು ಮುಟ್ಟದಿರಲೆಂದು ಬಣ್ಣ ಎನ್ನುತ್ತಾರೆ. ಒಳ್ಳೆಯ ಗುಳಿಗೆ ಮಳೆಯಲ್ಲಿ ಬೇಗ ಕರಗಬಾರದು. ಅದಕ್ಕಾಗಿ ಅದನ್ನು ಪಾಸ್ತಾ ಮಾಡುವ ಕ್ರಮದಲ್ಲೇ ಹಿಟ್ಟು ಕಲಸಿ ಒತ್ತಿ ಮಾಡುತ್ತಾರೆ. ಹಿಟ್ಟು ಗೋಧಿಯದ್ದು. ಗೋಧಿ ಉಳಿಸಲು ಗೋಧಿ ಎರಚುತ್ತಾರೆ.

22
ಗುಳಿಗೆಯೊಳಗಿನ ಹಳೆಯ ವಿಷ ಮೆಟಾಲ್ಡಿಹೈಡ್. ಇದು ಮೂಲತಃ ಉರುವಲು. ಬೆಟ್ಟ ಹತ್ತುವವರು ಚೀಲದಲ್ಲಿ ಒಯ್ಯುವ ಸಣ್ಣ ಒಲೆಯ ಬಿಳಿ ಬಿಲ್ಲೆ. ಹುಳು ಕೊಲ್ಲುವ ಗುಣ ಗೊತ್ತಾದದ್ದು 1930ರ ದಶಕದಲ್ಲಿ. ಹುಳು ತಿಂದರೆ ಲೋಳೆ ಸುರಿಸುತ್ತಾ ಒಣಗಿ ಸಾಯುತ್ತದೆ. ಆ ರಾತ್ರಿ ಮಳೆ ಬಂದರೆ ಕೆಲವು ಚೇತರಿಸಿಕೊಳ್ಳುತ್ತವೆ. ನಾಯಿಗಳಿಗೂ ಈ ಗುಳಿಗೆ ವಿಷ.

23
ಮೆಟಾಲ್ಡಿಹೈಡ್ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ. ಮಳೆಯೊಂದಿಗೆ ಕಾಲುವೆಗೆ, ಹೊಳೆಗೆ, ಜಲಾಶಯಕ್ಕೆ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಯಾವ ಒಂದು ಕೀಟನಾಶಕವೂ ಲೀಟರಿಗೆ 0.1 ಮೈಕ್ರೋಗ್ರಾಮ್ ದಾಟಬಾರದು ಎಂಬುದು ಅಲ್ಲಿನ ಮಿತಿ. ನೀರು ಶುದ್ಧೀಕರಣದ ಇದ್ದಿಲು ಬೇರೆ ವಿಷಗಳನ್ನು ಹಿಡಿಯುವಂತೆ ಇದನ್ನು ಹಿಡಿಯಲಿಲ್ಲ. ಆಂಗ್ಲಿಯನ್ ವಾಟರ್ ಎಂಬ ನೀರು ಕಂಪನಿ 2015ರಿಂದ ತನ್ನ ಜಲಾಶಯಗಳ ಸುತ್ತಲಿನ ರೈತರಿಗೆ ಬೇರೆ ಗುಳಿಗೆ ಬಳಸಲು ಹಣ ಕೊಟ್ಟಿತು. ನೀರು ಶುದ್ಧ ಮಾಡುವುದಕ್ಕಿಂತ ಗುಳಿಗೆ ಬದಲಿಸುವುದು ಅಗ್ಗ.

24
2015: ಮೀಥಿಯೋಕಾರ್ಬ್ ಎಂಬ ಇನ್ನೊಂದು ವಿಷದ ಗುಳಿಗೆ ನಿಂತಿತು. ಅದು ಜೀರುಂಡೆಗಳನ್ನೂ ಕೊಲ್ಲುತ್ತಿತ್ತು.
2018: ಮೆಟಾಲ್ಡಿಹೈಡ್ ಹೊರಾಂಗಣ ಬಳಕೆ ನಿಷೇಧ ಘೋಷಣೆ.
2019: ನ್ಯಾಯಾಲಯದಲ್ಲಿ ಆ ಘೋಷಣೆ ಬಿತ್ತು.
2020: ಮತ್ತೆ ಘೋಷಣೆ.
2022 ಮಾರ್ಚ್ 31: ಗ್ರೇಟ್ ಬ್ರಿಟನ್ನಿನಲ್ಲಿ ಬಳಕೆಯ ಕೊನೆಯ ದಿನ.

25
ಅದೇ 2022ರ ಮಾರ್ಚ್‌ನಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಇನ್ನು ಮುಂದೆ ಗೊಂಡೆಹುಳು, ಬಸವನಹುಳುಗಳನ್ನು ಪೀಡೆ ಎಂದು ಕರೆಯುವುದಿಲ್ಲ ಎಂದಿತು. ಬ್ರಿಟನ್ನಿನಲ್ಲಿ ಗುರುತಾದ 44 ಗೊಂಡೆಹುಳು ಜಾತಿಗಳಲ್ಲಿ ತೋಟದ ಗಿಡ ತಿನ್ನುವವು ಒಂಬತ್ತರಷ್ಟು. ಉಳಿದವು ಕೊಳೆತದ್ದನ್ನು ತಿಂದು ಮಣ್ಣಿಗೆ ಸೇರಿಸುತ್ತವೆ. ಆ ಸೊಸೈಟಿ ತೋಟದವರದ್ದು, ಹೊಲದವರದ್ದಲ್ಲ.

26
ಈಗ ಉಳಿದಿರುವ ಗುಳಿಗೆಯಲ್ಲಿ ಫೆರಿಕ್ ಫಾಸ್ಫೇಟ್ ಇದೆ, ಕಬ್ಬಿಣದ ಲವಣ. ತಿಂದ ಹುಳು ಉಣ್ಣುವುದನ್ನು ನಿಲ್ಲಿಸಿ ಮಣ್ಣಿನೊಳಗೆ ಹೋಗಿ ಸಾಯುತ್ತದೆ. ಮೆಟಾಲ್ಡಿಹೈಡ್ ಕಾಲದಲ್ಲಿ ಬೆಳಿಗ್ಗೆ ಹೊಲಕ್ಕೆ ಹೋದರೆ ಲೋಳೆ, ಸತ್ತ ಹುಳು ಕಾಣುತ್ತಿದ್ದವು. ಈಗ ಏನೂ ಕಾಣುವುದಿಲ್ಲ. ಗುಳಿಗೆ ಕೆಲಸ ಮಾಡಿತೋ ಇಲ್ಲವೋ ಎಂದು ರೈತರು ಬಹಳ ದಿನ ಅನುಮಾನಪಟ್ಟರು. ಹೆಣ ಎಣಿಸುವ ಅಭ್ಯಾಸ ಬಿಟ್ಟು ಸಸಿ ಎಣಿಸುವ ಅಭ್ಯಾಸ ಮಾಡಿಕೊಳ್ಳಬೇಕಾಯಿತು.

27
ಹುಳು ಎಷ್ಟಿದೆ ಎಂದು ತಿಳಿಯುವ ವಿಧಾನ. ಒಂದು ಅಗಲವಾದ ಮುಚ್ಚಳ ಅಥವಾ ಹೆಂಚು. ಅದರ ಅಡಿಯಲ್ಲಿ ಎರಡು ತುಂಬು ಟೀ ಚಮಚ ಮೊಟ್ಟೆಕೋಳಿಯ ಮೇವು. ಇದೇ ಬಲೆ. ಹೊಲದಲ್ಲಿ ‘ಡಬ್ಲ್ಯು’ ಅಕ್ಷರದ ಆಕಾರದಲ್ಲಿ ನಡೆಯುತ್ತಾ ಒಂಬತ್ತು ಕಡೆ ಇಡಬೇಕು. ಹೊಲ 20 ಹೆಕ್ಟೇರಿಗಿಂತ ದೊಡ್ಡದಾದರೆ 13 ಕಡೆ. ರಾತ್ರಿ ಬಿಟ್ಟು, ಬಿಸಿಲೇರುವ ಮೊದಲು ಎತ್ತಿ ನೋಡಬೇಕು. ಗೋಧಿಗೆ ಬಲೆಯೊಂದಕ್ಕೆ ಸರಾಸರಿ ನಾಲ್ಕು ಹುಳು ಮಿತಿ. ಕೂಳೆಯಲ್ಲಿ ಬಿತ್ತುವ ರೇಪ್‌ಗೆ ಒಂದೇ. ಬಲೆಯಲ್ಲಿ ವಿಷದ ಗುಳಿಗೆ ಇಡಬಾರದು.

ಬಿತ್ತುವ ಮೊದಲೇ ಎಣಿಸಬೇಕು. ಬಿತ್ತಿದ ಮೇಲೆ ಕಾಳೇ ಎಲ್ಲೆಡೆ ಮೇವಾಗಿ ಬಿದ್ದಿರುತ್ತದೆ, ಹೆಂಚಿನ ಕೆಳಗೆ ಬರುವ ಅಗತ್ಯ ಹುಳುವಿಗೆ ಇಲ್ಲ.

28
ಹುಳು ಹೊಲದ ತುಂಬ ಒಂದೇ ಸಮ ಇರುವುದಿಲ್ಲ. ತೇಪೆ ತೇಪೆಯಾಗಿ ಇರುತ್ತದೆ. ಶ್ರಾಪ್‌ಶೈರ್‌ನ ಹಾರ್ಪರ್ ಆಡಮ್ಸ್ ವಿಶ್ವವಿದ್ಯಾಲಯದವರು ಹುಳುಗಳ ಚರ್ಮದ ಅಡಿಗೆ ಸಣ್ಣ ರೇಡಿಯೋ ಗುರುತುಚೀಟಿ ಸೇರಿಸಿ, ಹೊಲಕ್ಕೆ ಬಿಟ್ಟು, ರಾತ್ರಿ ಹುಡುಕಿದರು. ನಾಯಿಯ ಕುತ್ತಿಗೆಯ ಚರ್ಮದಡಿ ಸೇರಿಸುವ ಬಗೆಯದ್ದೇ ಚೀಟಿ, ಇನ್ನೂ ಚಿಕ್ಕದು. ಬಹಳಷ್ಟು ಹುಳುಗಳು ಬಿಟ್ಟ ಜಾಗದಿಂದ ಹೆಚ್ಚು ದೂರ ಹೋಗಿರಲಿಲ್ಲ. ತೇಪೆ ಇದ್ದಲ್ಲೇ ಇರುತ್ತದೆ. ತೇಪೆ ಎಲ್ಲಿದೆ ಎಂದು ಗೊತ್ತಾದರೆ ಅಲ್ಲಿಗಷ್ಟೇ ಗುಳಿಗೆ ಸಾಕು. ಗೊತ್ತಾಗುವುದು ರಾತ್ರಿ ಟಾರ್ಚ್ ಹಿಡಿದು ಹೊಲ ಸುತ್ತುವವರಿಗೆ.

29
ಇನ್ನೊಂದು ಉಪಾಯ ಜಂತು. ಫ್ಯಾಸ್ಮರ‍್ಯಾಬ್ಡಿಟಿಸ್ ಹರ್ಮಾಫ್ರೊಡಿಟಾ ಎಂಬ ಕಣ್ಣಿಗೆ ಕಾಣದ ದುಂಡುಜಂತು ಹುಳುವಿನ ಮೈ ಹೊಕ್ಕು, ಜೊತೆಗೆ ತಂದ ಬ್ಯಾಕ್ಟೀರಿಯಾದೊಂದಿಗೆ ಅದನ್ನು ಕೊಲ್ಲುತ್ತದೆ. ಬೆನ್ನಿನ ಮಡಿಕೆ ಊದಿಕೊಳ್ಳುತ್ತದೆ. 1994ರಿಂದ ಪೊಟ್ಟಣದಲ್ಲಿ ಮಾರುತ್ತಾರೆ. ಶಿಫಾರಸು ಮಾಡಿದ ಪ್ರಮಾಣ ಹೆಕ್ಟೇರಿಗೆ 300 ಕೋಟಿ ಜಂತುಗಳು. ತರಕಾರಿಗೆ ಕೊಳ್ಳುವವರಿದ್ದಾರೆ, ಗೋಧಿಯ ಬೆಲೆಗೆ ಇದು ಎಟುಕುವುದಿಲ್ಲ.

30
ಅಟ್ಲಾಂಟಿಕ್ ದಾಟಿ ಪೆನ್ಸಿಲ್ವೇನಿಯಾ. ಅಲ್ಲಿ ಮೆಕ್ಕೆಜೋಳ, ಸೋಯಾ ಬೆಳೆಯುವವರಲ್ಲಿ ಬಹಳ ಮಂದಿ ಉಳುಮೆ ಬಿಟ್ಟಿದ್ದಾರೆ. ಹೊಲದಲ್ಲಿ ಸಿಗುವ ಹುಳುಗಳಲ್ಲಿ ಮುಖ್ಯವಾದದ್ದು ಅದೇ ಬೂದು ಗೊಂಡೆಹುಳು, ಯುರೋಪಿನಿಂದ ಹೋದದ್ದು.

31
ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಸೋಯಾ ಬೀಜಕ್ಕೆ ಥಯಾಮೆಥಾಕ್ಸಾಮ್ ಎಂಬ ಕೀಟನಾಶಕ ಲೇಪಿಸಿ ಮಾರುತ್ತಾರೆ. ಗೊಂಡೆಹುಳು ಕೀಟವಲ್ಲ, ಕಪ್ಪೆಚಿಪ್ಪಿನ ನೆಂಟ. ಲೇಪಿತ ಬೀಜದಿಂದ ಬಂದ ಸಸಿ ತಿಂದರೂ ಅದಕ್ಕೆ ಏನೂ ಆಗಲಿಲ್ಲ. ವಿಷ ಅದರ ಮೈಯಲ್ಲಿ ಉಳಿಯಿತು. ಅದನ್ನು ಹಿಡಿದು ತಿಂದ ಜೀರುಂಡೆ ಕೀಟ. ಪ್ರಯೋಗಶಾಲೆಯಲ್ಲಿ ಅಂಥ ಹುಳು ತಿಂದ ಜೀರುಂಡೆಗಳಲ್ಲಿ ಶೇ 60ಕ್ಕೂ ಹೆಚ್ಚು ಸತ್ತವು ಅಥವಾ ನಡೆಯಲಾರದೆ ಬಿದ್ದವು. ಹೊಲದಲ್ಲಿ ಲೇಪಿತ ಬೀಜ ಬಿತ್ತಿದ ಕಡೆ ಗಿಡಗಳು ಶೇ 19 ಕಡಿಮೆ, ಇಳುವರಿ ಶೇ 5 ಕಡಿಮೆ. ಮಾರ್ಗರೆಟ್ ಡಗ್ಲಸ್, ಜೇಸನ್ ರೋರ್, ಜಾನ್ ಟೂಕರ್ ಇದನ್ನು 2015ರಲ್ಲಿ ಪ್ರಕಟಿಸಿದರು.

ಬೆಳೆ ಕಾಯಲು ಹಾಕಿದ ಲೇಪ ಬೆಳೆ ತಿನ್ನುವವನನ್ನು ಕಾಯಿತು. ಅವರ ಲೇಖನವನ್ನು ಮತ್ತೆ ಮತ್ತೆ ಓದಿದ್ದೇನೆ.

32
ಅದೇ ರಾಜ್ಯದ ಕೆಲವು ರೈತರು ಇನ್ನೊಂದು ದಾರಿ ಹಿಡಿದಿದ್ದಾರೆ. ಚಳಿಗಾಲದಲ್ಲಿ ಹೊದಿಕೆಯಾಗಿ ಬೆಳೆದ ರೈ ಹುಲ್ಲನ್ನು ಮೊದಲೇ ಕೊಲ್ಲುವುದಿಲ್ಲ. ಹಸಿರಾಗಿ ಎದೆಮಟ್ಟ ನಿಂತ ಹುಲ್ಲಿನ ನಡುವೆಯೇ ಮೆಕ್ಕೆಜೋಳ, ಸೋಯಾ ಬಿತ್ತುತ್ತಾರೆ. ಹುಳುವಿಗೆ ತಿನ್ನಲು ಬೇರೆ ಹಸಿರು ಇರುತ್ತದೆ, ಜೀರುಂಡೆಗೆ ನೆರಳು ಇರುತ್ತದೆ. ಹುಲ್ಲು ಹೆಚ್ಚಾದರೆ ಹುಳು ಹೆಚ್ಚುತ್ತದೆ ಎಂಬ ಮಾತು ಹಿಂದಿನ ಟಿಪ್ಪಣಿಗಳಲ್ಲಿದೆ. ಹುಲ್ಲು ಇದ್ದರೆ ಸಸಿ ಉಳಿಯುತ್ತದೆ ಎಂಬುದು ಈ ಟಿಪ್ಪಣಿಯಲ್ಲಿ. ಎರಡನ್ನೂ ಹೊಡೆದುಹಾಕಿಲ್ಲ.

33
ಬ್ರಿಟನ್ನಿನಲ್ಲಿ ಹೊದಿಕೆ ಬೆಳೆಗಳಲ್ಲೂ ಭೇದವಿದೆ. ಕ್ಲೋವರ್ ಇದ್ದರೆ ಹುಳುವಿಗೆ ಸುಗ್ಗಿ. ಓಟ್ಸ್ ಇದ್ದರೆ ಅಷ್ಟಿಲ್ಲ. ಸರದಿಯಲ್ಲಿ ರೇಪ್ ಕೊಯ್ದ ಹಿಂದೆಯೇ ಗೋಧಿ ಬಿತ್ತಿದರೆ ಅಪಾಯ ಹೆಚ್ಚು. ರೇಪ್‌ನ ದಟ್ಟ ಎಲೆಯ ಕೆಳಗೆ ಬೇಸಿಗೆಯಿಡೀ ನೆಲ ತಂಪಾಗಿರುತ್ತದೆ. ಆದರೂ ರೇಪ್, ಗೋಧಿ, ಮತ್ತೆ ರೇಪ್ ಎಂಬ ಸರದಿ ವರ್ಷಗಳಿಂದ ನಡೆದಿದೆ. ಬೆಲೆ ಬರುವುದು ಆ ಎರಡಕ್ಕೆ.

34
ಕೂಳೆಯನ್ನು ಬಾಚುವ ಯಂತ್ರ ಬಂದಿದೆ. ಉದ್ದನೆಯ ಕಬ್ಬಿಣದ ಹಲ್ಲುಗಳು. ಬಿಸಿಲು ಚುರುಕಾಗಿರುವ ಮಧ್ಯಾಹ್ನ ವೇಗವಾಗಿ ಎಳೆಯುತ್ತಾರೆ. ಮಣ್ಣು ಬಹುತೇಕ ಅಲುಗುವುದಿಲ್ಲ. ಹುಲ್ಲು ಸರಿದು ಮೊಟ್ಟೆ ಒಣಗುತ್ತವೆ. ಕೊಯ್ಲಾದ ಮೇಲೆ ಬಿಸಿಲಿನ ದಿನಗಳು ಸಿಗಬೇಕು, ಅಷ್ಟೇ.

35
1920, 30ರ ದಶಕಗಳಲ್ಲಿ ಕೇಂಬ್ರಿಜ್‌ನ ಆರ್ಥರ್ ವಾಟ್ಕಿನ್ಸ್ ಜಗತ್ತಿನ 32 ದೇಶಗಳ ಊರ ಗೋಧಿ ತಳಿಗಳನ್ನು ತರಿಸಿ ಕೂಡಿಟ್ಟ. ಭಾರತದ ತಳಿಗಳೂ ಅದರಲ್ಲಿವೆ. ಆ ಸಂಗ್ರಹ ಈಗ ನಾರ್ವಿಚ್‌ನ ಜಾನ್ ಇನ್ಸ್ ಸೆಂಟರ್‌ನಲ್ಲಿದೆ. ಅದರ ಒಂದು ತಳಿಯನ್ನು ಗೊಂಡೆಹುಳು ತಿನ್ನಲು ಹಿಂಜರಿಯುವುದು ಕಂಡು ಸಂಶೋಧಕರು ಪರೀಕ್ಷೆಗೆ ತೊಡಗಿದ್ದಾರೆ. ಪರೀಕ್ಷೆಗೆ ಹುಳು ಬೇಕು. ರೈತರು ತಮ್ಮ ಹೊಲದಿಂದ ಹಿಡಿದು ಜೀವಂತವಾಗಿ ಕಳಿಸಿದ್ದಾರೆ.

36
ನಮ್ಮ ಕಡೆಗೆ ಒಂದು ಎಳೆ. ಕೊಡಗಿನ ಶನಿವಾರಸಂತೆ ಭಾಗದ ಕಾಫಿ ತೋಟಗಳಲ್ಲಿ ಆಫ್ರಿಕಾದ ದೈತ್ಯ ಬಸವನಹುಳು ಮಳೆಗಾಲದಲ್ಲಿ ಏಳುತ್ತದೆ. ಅದನ್ನು ಭಾರತಕ್ಕೆ, ಕಲ್ಕತ್ತಾಕ್ಕೆ, 1847ರಲ್ಲಿ ತಂದವನು ವಿಲಿಯಂ ಬೆನ್ಸನ್ ಎಂಬ ಚಿಪ್ಪು ಸಂಗ್ರಾಹಕ. ನಮ್ಮಲ್ಲಿ ಅದಕ್ಕೆ ಹಾಕುವುದು ಮೆಟಾಲ್ಡಿಹೈಡ್ ಗುಳಿಗೆ. ಅಥವಾ ಅಕ್ಕಿ ತೌಡಿಗೆ ಬೆಲ್ಲ ಸೇರಿಸಿ ಹುಳಿ ಬರಿಸಿ ವಿಷ ಕಲಸಿದ ಉಂಡೆ. ಬ್ರಿಟನ್ನಿನಲ್ಲಿ ಮಳೆಯೊಂದಿಗೆ ಹೊಳೆಗೆ ಇಳಿಯುತ್ತಿದ್ದ, ಈಗ ನಿಷೇಧವಾದ ವಸ್ತು ಈ ಮೆಟಾಲ್ಡಿಹೈಡೇ. ಕೊಡಗಿನಲ್ಲೂ ಮಳೆ ಬಂದಾಗಲೇ ಎರಚುತ್ತಾರೆ.

37
ಗೋಧಿ ತೆಂಡೆ ಒಡೆಯುವವರೆಗೆ, ರೇಪ್ ನಾಲ್ಕು ಎಲೆ ಬಿಡುವವರೆಗೆ ಕಾದರೆ ಸಾಕು. ಒಳ್ಳೆಯ ಹವೆಯಲ್ಲಿ ಇದು ಕೆಲವೇ ವಾರ. ಆಮೇಲೆಯೂ ಹುಳು ಹೊಲದಲ್ಲೇ ಇರುತ್ತದೆ, ಎಲೆಗಳನ್ನು ತಿನ್ನುತ್ತಲೂ ಇರುತ್ತದೆ, ಬೆಳೆ ಅದನ್ನು ತಾಳಿಕೊಳ್ಳುತ್ತದೆ. ಆ ಹಂತದಲ್ಲಿ ಹಾಕುವ ಗುಳಿಗೆ ಬಹುಪಾಲು ದಂಡ.